ಅಗ್ಗದ ಕೆಂಪು ಕಾರು

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರೂ ತಾಲೂಕು ಸೇರಿಸಿ ಹುಡುಕಿದರೂ ಕಾರು ಮಾರುವ ಹೆಂಗಸು ಅಂತ ಇದ್ದವಳು ಮಾಲತಿ ಒಬ್ಬಳೇ. ಹುಟ್ಟಿದ್ದು ಭಂಡಿಗಡಿ ಹತ್ತಿರದ ಎಸ್ಟೇಟಿನ ಕೂಲಿ ಲೈನಿನ ಮನೆಯಲ್ಲಿ. ಕೊಪ್ಪದ ಷೋರೂಮಿಗೆ ಕಸ ಗುಡಿಸುವ ಕೆಲಸಕ್ಕೆ ಸೇರಿದವಳು ಗಾಡಿ ತೊಳೆಯುವುದಕ್ಕೆ ಬಡ್ತಿ ಪಡೆದಳು. ತೊಳೆದ ಗಾಡಿಯನ್ನು ಹಿಂದೆ ಮುಂದೆ ಮಾಡುತ್ತಲೇ ಡ್ರೈವಿಂಗ್ ಕಲಿತಳು. ಆಮೇಲೆ ನೀಲಿ ಕೋಟು ಹಾಕಿಕೊಂಡು, ಗಿರಾಕಿಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಟೆಸ್ಟ್ ಡ್ರೈವ್ ಹೊರಟಾಗ ಬಾಯಿ ಬಿಟ್ಟುಕೊಂಡು ನೋಡಿದವರು ಒಬ್ಬಿಬ್ಬರಲ್ಲ. ಅವಳ ತಾಯಿ ಶಾಂತಕ್ಕ ಮಾತ್ರ ಆ ಕೋಟನ್ನು ದಿನಾ ರಾತ್ರಿ ಒಗೆದು, ಒಲೆಯ ಮೇಲೆ ಒಣಗಿಸಿ, ಬೆಳಿಗ್ಗೆ ತಾನು ತೋಟದ ಕೂಲಿಗೆ ಹೋಗುತ್ತಿದ್ದಳು.

ಮಳೆಗಾಲ ಮುಗಿಯುತ್ತಿದ್ದ ಹಾಗೆ ಆ ಷೋರೂಮಿಗೆ ಒಂದು ಕೆಂಪು ಕಾರು ಬಂತು. ಹೆಸರು ಝೆಲ್ಲೊ. ಈ ಕಡೆ ಆ ಹೆಸರು ಕೇಳಿದವರೇ ಇರಲಿಲ್ಲ. ನೋಡಲಿಕ್ಕೆ ಗಿಡ್ಡ, ಮೋಟು. ಬಾನೆಟ್ಟಿನ ಒಳಗೆ ಮಾತ್ರ ದೊಡ್ಡ ಕಾರಿನ ಇಂಜಿನ್ನು. ಕಾಲು ಸ್ವಲ್ಪ ಒತ್ತಿದರೆ ಬೆನ್ನು ಸೀಟಿಗೆ ಅಂಟಿಕೊಳ್ಳುತ್ತಿತ್ತು. ಇದರ ಎದುರು ಪೈಪೋಟಿಗೆ ನಿಂತಿದ್ದು ಎರಡು ಹೆಸರಾಂತ ಕಂಪನಿಗಳ ಕಾರುಗಳು. ಅವನ್ನು ಹೊಡೆಯಲೇಬೇಕು ಅಂತ ಶಿವಮೊಗ್ಗದ ಹೆಡ್ಡಾಫೀಸಿನ ಬುದ್ಧಿವಂತರು ಒಂದು ಉಪಾಯ ಮಾಡಿದರು. ಅವೆರಡಕ್ಕಿಂತ ಒಂದೂವರೆ ಲಕ್ಷ ಕಡಿಮೆ ಎಂದು ಬಾಗಿಲ ಮುಂದೆ ಬ್ಯಾನರ್ ಕಟ್ಟಿಸಿದರು.

ಮಲೆನಾಡಿನವರಿಗೆ ಅಗ್ಗ ಬೇಡ ಅಂತಲ್ಲ, ಮಾವಿನ ಮಿಡಿಗೂ ಅರ್ಧ ಗಂಟೆ ಚೌಕಾಸಿ ಮಾಡುವ ಜನ. ಆದರೆ ನಾವು ಎಳೆದಾಡಿ ಇಳಿಸಿದ ರೇಟು ಬೇರೆ, ಕೇಳುವ ಮೊದಲೇ ಇಳಿದ ರೇಟು ಬೇರೆ. ಕೇಳದೆ ಇಳಿದರೆ ಆ ಹಸು ಹಾಯುತ್ತದೆ, ಆ ಗಾಡಿಯಲ್ಲಿ ಯಾರೋ ಸತ್ತಿರುತ್ತಾರೆ ಅಂತಲೇ ಇಲ್ಲಿಯವರ ಲೆಕ್ಕ. ಫ್ಯಾಕ್ಟರಿಯಿಂದ ನೇರ ಬಂದ, ಸೀಟಿನ ಪ್ಲಾಸ್ಟಿಕ್ಕೂ ತೆಗೆಯದ ಕಾರು ಎಂದು ಮಾಲತಿ ಎಷ್ಟು ಹೇಳಿದರೂ ಬಂದವರು ಬಗ್ಗಿ ಸೀಟಿನ ಅಡಿ ನೋಡುತ್ತಿದ್ದರು. ಯಾಕೆ ಅಂತ ಅವಳಿಗೆ ಮೊದಲು ತಿಳಿಯಲಿಲ್ಲ.

ತಿಳಿಸಿದವಳು ಷೋರೂಮಿನ ಪಕ್ಕದ ಹೋಟೆಲಿನ ಕಮಲಕ್ಕ. "ಯಾರ್ಯಾರೋ ಹೇಳ್ತಾರೆ ಮಾರಾಯ್ತಿ, ನಂಗೆಂತ ಗೊತ್ತು? ಆ ಗಾಡಿಲಿ ಒಂದು ಹೆಣ್ಣು ಹೋಗಿದ್ಯಂತೆ. ಭಂಡಿಗಡಿ ತಿರುವಲ್ಲಿ. ಅದ್ಕೇ ಅಂತೆ ರೇಟು ಕಮ್ಮಿ." ಇಷ್ಟು ಹೇಳಿ ಕಾಫಿ ಲೋಟವನ್ನು ಕೈಗೆ ಕೊಡದೆ ಮೇಜಿನ ಮೇಲೆ ಇಟ್ಟಳು.

ಷೋರೂಮಿನ ಮ್ಯಾನೇಜರ್ ಸುಂದರೇಶನಿಗೆ ಸುದ್ದಿ ಮುಟ್ಟಿದಾಗ ಅವನು ನಗಲಿಲ್ಲ. "ದೀಪಾವಳಿ ಒಳಗೆ ಇದು ಹೋಗ್ಬೇಕು ಮಾಲತಿ. ಇಲ್ದಿದ್ರೆ ಗಾಡಿನೂ ವಾಪಸ್, ನೀನೂ ವಾಪಸ್. ಹೆಡ್ಡಾಫೀಸಿಂದ ಹೇಳಿಯಾಯ್ತು," ಅಂದ. ವಾಪಸ್ ಅಂದರೆ ಎಲ್ಲಿಗೆ ಎಂದು ಮಾಲತಿಗೆ ಚೆನ್ನಾಗಿ ಗೊತ್ತಿತ್ತು. ಕೈಯಲ್ಲಿ ಕತ್ತಿ ಹಿಡಿದು, ಜಿಗಣೆ ಹತ್ತದ ಹಾಗೆ ಕಾಲಿಗೆ ಸುಣ್ಣ ಬಳಿದುಕೊಂಡು, ತಾಯಿಯ ಹಿಂದೆ ತೋಟಕ್ಕೆ. ಅದೊಂದು ಮಾತ್ರ ಆಗಬಾರದು ಎಂದು ಅವಳು ಹಲ್ಲು ಕಚ್ಚಿದಳು.

ಸುದ್ದಿ ಅಷ್ಟಕ್ಕೇ ನಿಂತಿದ್ದರೆ ಹೇಗೋ ಆಗುತ್ತಿತ್ತು. ಅದಕ್ಕೆ ಕೈಕಾಲು ಬೆಳೆಯಿತು. ಒಂದು ಸಂಜೆ ಮನೆಗೆ ಹೋಗುವ ಬಸ್ಸಿನಲ್ಲಿ ಪಕ್ಕ ಕೂತ ಕಮ್ಮರಡಿ ಕಡೆಯ ಹೆಂಗಸು ತಾನಾಗಿ ಶುರು ಮಾಡಿದಳು. "ಸತ್ತಿದ್ದು ಗಾಡಿ ಬಿಡೋ ಹುಡುಗಿನೇ ಅಂತೆ ಕಣೇ. ನೀಲಿ ಕೋಟು ಹಾಕ್ತಿದ್ಲಂತೆ. ಎಡಗಡೆ ಹುಬ್ಬಿನ ಮೇಲೆ ಒಂದು ಕಲೆ ಇತ್ತಂತೆ." ಮಾಲತಿಯ ಕೋಟು ಆಗ ಚೀಲದಲ್ಲಿತ್ತು. ಅವಳಿಗೆ ನಗು ಬಂತು. ಕೂದಲು ಸರಿಸಿ ಹುಬ್ಬಿನ ಕಲೆ ತೋರಿಸಿ, "ಅದು ನಾನೇ ಕಣಮ್ಮ, ಬದುಕಿದೀನಿ ನೋಡಿ," ಅಂದಳು. ಹೆಂಗಸು ಮುಖ ನೋಡಲಿಲ್ಲ. ನಿಧಾನಕ್ಕೆ ಬಗ್ಗಿ ಮಾಲತಿಯ ಪಾದ ನೋಡಿದಳು, ಬೆರಳು ಮುಂದಿದೆಯೋ ಹಿಂದಿದೆಯೋ ಅಂತ. ಆಮೇಲೆ ಎದ್ದು, ಊರು ಬರುವ ಮೊದಲೇ ಇಳಿದುಬಿಟ್ಟಳು.

ಅಲ್ಲಿಂದ ಮುಂದೆ ಎಲ್ಲರೂ ಪಾದ ನೋಡುವವರೇ. ಮಾಲತಿಗೆ ಸಿಟ್ಟು ಬರುತ್ತಿತ್ತು, ಅಳು ಬರುತ್ತಿತ್ತು. ಆದರೆ ಮೈ ನಿಜವಾಗಿ ತಣ್ಣಗಾದದ್ದು ಮನೆಯಲ್ಲೇ.

"ಮಧ್ಯಾಹ್ನ ಎಂತಕ್ಕೆ ಕರೆದ್ರೂ ತಿರುಗಿ ನೋಡ್ಲಿಲ್ಲ ನೀನು?" ಅಂತ ಶಾಂತಕ್ಕ ಕೇಳಿದಳು. "ತಿರುವಿನ ಮರದ ಹತ್ರ ಕೋಟು ಹಾಕ್ಕೊಂಡು ನಿಂತಿದ್ಯಲ್ಲ. ಗಂಟಲು ಹರಿಯೋ ಹಾಗೆ ಕೂಗಿದೆ."

ಮಧ್ಯಾಹ್ನ ಮಾಲತಿ ಇದ್ದದ್ದು ಶೃಂಗೇರಿಯಲ್ಲಿ, ಒಬ್ಬ ಮೇಷ್ಟರ ಮನೆಯ ಜಗುಲಿಯ ಮೇಲೆ, ಕಾರಿನ ಪಟ ತೋರಿಸುತ್ತ. ತಾಯಿಗೆ ಅದನ್ನು ಹೇಳಲಿಲ್ಲ. ಕೇಳಿಸಲಿಲ್ಲ ಅಮ್ಮ, ಅಂದಳು.

ಮಾರನೇ ದಿನ ಬೇಕೆಂದೇ ಝೆಲ್ಲೊ ತೆಗೆದುಕೊಂಡು ಆ ತಿರುವಿಗೆ ಹೋದಳು. ಹಾಡುಹಗಲು, ಬಿಸಿಲು ಚುರುಗುಟ್ಟುತ್ತಿತ್ತು. ಮರದ ಬುಡದಲ್ಲಿ ಯಾರೋ ಅರಿಶಿನ ಕುಂಕುಮ ಹಾಕಿ, ಗಾಜಿನ ಬಳೆ ಇಟ್ಟಿದ್ದರು. ಪಕ್ಕದಲ್ಲಿ ಒಂದು ಸ್ಟೀಲ್ ಲೋಟ, ಅದರ ತುಂಬ ಕಪ್ಪು ಕಾಫಿ. ಒಂದೇ ಒಂದು ಇರುವೆಯೂ ಅದಕ್ಕೆ ಮುತ್ತಿರಲಿಲ್ಲ. ಮಾಲತಿ ಕಾಫಿಗೆ ಹಾಲನ್ನೂ ಸಕ್ಕರೆಯನ್ನೂ ಹಾಕಿಕೊಳ್ಳುವುದಿಲ್ಲ. ಬಳೆಗಳನ್ನು ಮುಟ್ಟಲಿಲ್ಲ, ಅವು ತನ್ನ ಅಳತೆಯವೇ ಅಂತ ನೋಡಿದರೇ ಗೊತ್ತಾಗುತ್ತಿತ್ತು. ಕಾರಿಗೆ ಓಡಿ ಬಂದು ಬಾಗಿಲು ಹಾಕಿಕೊಂಡಳು. ಇಂಜಿನ್ ಸ್ಟಾರ್ಟ್ ಮಾಡಿ, ಕನ್ನಡಿಯನ್ನೂ ನೋಡದೆ ಕೊಪ್ಪಕ್ಕೆ ಹೊಡೆದಳು.

ಹಾಗಂತ ಸುಮ್ಮನೆ ಕೂರುವ ಜಾಯಮಾನವಲ್ಲ ಅವಳದು. ಸೀದಾ ಸುಂದರೇಶನ ಮೇಜಿಗೆ ಹೋಗಿ, "ಸರ್, ಬ್ಯಾನರ್ ಕಿತ್ತು ಹಾಕಿ. ರೇಟು ಏರಿಸಿ," ಅಂದಳು.

"ತಲೆ ಕೆಟ್ಟಿದ್ಯಾ? ಕಮ್ಮಿಗೇ ಹೋಗ್ತಾ ಇಲ್ಲ."

"ಕಮ್ಮಿ ಆಗಿದ್ದಕ್ಕೇ ಹೋಗ್ತಾ ಇಲ್ಲ. ಆಫರ್ ತೆಗೀರಿ. ಅಲಾಯ್ ವೀಲು, ಸೀಟ್ ಕವರ್ರು, ಒಳ್ಳೆ ಮ್ಯೂಸಿಕ್ ಸಿಸ್ಟಮ್ಮು ಹಾಕ್ಸಿ. ಆ ಎರಡು ಕಂಪನಿಗಿಂತ ಇದು ಜಾಸ್ತಿ ಅನ್ನಿ. ಹೆಣ ಬಿದ್ದ ಗಾಡಿಗೆ ಯಾರೂ ಜಾಸ್ತಿ ಕೇಳಲ್ಲ ಸರ್."

ಸುಂದರೇಶ ಗೊಣಗಿದ, ಶಿವಮೊಗ್ಗಕ್ಕೆ ಫೋನು ಮಾಡಿದ, ಕೊನೆಗೆ ಬ್ಯಾನರ್ ಕೀಳಿಸಿದ. ಒಂದೇ ವಾರದಲ್ಲಿ ಜನ ಬರಲಿಕ್ಕೆ ಶುರುವಾಯಿತು. ಇಷ್ಟು ಸಣ್ಣ ಕಾರಿಗೆ ಅಷ್ಟು ರೇಟು ಅಂದರೆ ಒಳಗೆ ಏನೋ ಇರಲೇಬೇಕು ಎಂದು ಅವರೇ ಮಾತಾಡಿಕೊಂಡರು. ನರಸಿಂಹರಾಜಪುರದ ಕಾಳುಮೆಣಸಿನ ವ್ಯಾಪಾರಿ ಜಯದೇವಪ್ಪನವರು ಹೆಂಡತಿ ಅನ್ನಪೂರ್ಣಮ್ಮನ ಜತೆ ಬಂದರು. ಅರವತ್ತು ದಾಟಿದ ಮನುಷ್ಯ, ಮೊಣಕಾಲು ನೋವು, ಆದರೂ ವೇಗದ ಹುಚ್ಚು ಬಿಟ್ಟಿರಲಿಲ್ಲ. ಮಾಲತಿ ಒಂದು ಏರಿನಲ್ಲಿ ಕಾಲು ಒತ್ತಿದ್ದೇ ತಡ, "ಅಯ್ಯೋ ಶಿವನೇ!" ಎಂದು ಮಗುವಿನ ಹಾಗೆ ಕೇಕೆ ಹಾಕಿದರು. ಅಲ್ಲೇ ಒಪ್ಪಿಗೆಯಾಯಿತು. ಅಷ್ಟರಲ್ಲಿ ಅನ್ನಪೂರ್ಣಮ್ಮ ಕಮಲಕ್ಕನ ಹೋಟೆಲಿನಲ್ಲಿ ಕೂತು ಎಲ್ಲ ಕೇಳಿಸಿಕೊಂಡು ಬಂದಿದ್ದರು.

"ನೋಡಿ ಮೇಡಂ," ಜಯದೇವಪ್ಪ ಮೆತ್ತಗೆ ಹೇಳಿದರು, "ನಮ್ಮಲ್ಲಿ ಸತ್ತೋರಿಗೆ ಎಡೆ ಇಟ್ಟು ಕಾಗೆ ಕರೆಯೋ ಪದ್ಧತಿ ಇಲ್ಲ. ಆದ್ರೆ ಹೋದೋಳು ನಿಮ್ ಕಡೆಯೋಳಂತೆ. ನಿಮ್ಮ ಪದ್ಧತಿ ಪ್ರಕಾರ ಒಂದು ಎಡೆ ಇಡ್ಸಿ. ಕಾಗೆ ಮುಟ್ಟಿದ್ರೆ ಅವತ್ತೇ ಗಾಡಿ ತಗೊಂಡು ಹೋಗ್ತೀನಿ. ಇಲ್ದಿದ್ರೆ ಇವಳು ಹತ್ತಲ್ಲ."

ಯಾರೂ ಸತ್ತಿಲ್ಲ ಎನ್ನಲು ಮಾಲತಿ ಬಾಯಿ ತೆರೆದಳು. ಸುಂದರೇಶ ಕಣ್ಣಲ್ಲೇ ತಡೆದ. ಹಬ್ಬಕ್ಕೆ ಉಳಿದಿದ್ದದ್ದು ಎರಡೇ ದಿನ. ಅವಳು ಆಗಲಿ ಅಂದಳು.

ಮಾರನೇ ಬೆಳಿಗ್ಗೆ ಅದೇ ತಿರುವಿನಲ್ಲಿ ಕಾರು ನಿಲ್ಲಿಸಿ ಹಾರ ಹಾಕಿದರು. ಎಡೆ ಇಡಲು ಮೆಣಸೆ ಊರಿನಿಂದ ಶೇಷಪ್ಪ ಎಂಬ ಮುದುಕನನ್ನು ಕರೆಸಿದ್ದರು. ಅವನು ಬಾಳೆಲೆಯ ಮೇಲೆ ಕಡುಬು, ಕೋಳಿ ಸಾರು ಬಡಿಸಿ, ನೀರು ಬಿಟ್ಟು, ಹಿಂದೆ ಸರಿದು ಕರೆದ. ಮರದ ಮೇಲೆ ಒಂದೇ ಕಾಗೆ ಕೂತಿತ್ತು. ಇಳಿಯಲಿಲ್ಲ.

"ಹೆಸ್ರು ಹೇಳ್ಬೇಕು," ಅಂದ ಶೇಷಪ್ಪ. "ಹೆಸ್ರಿಲ್ದೆ ಕರೆದ್ರೆ ಯಾರು ಬರ್ತಾರೆ?"

ಸುಂದರೇಶ ಒಂದು ಹೆಸರನ್ನು ಮೊದಲೇ ಯೋಚಿಸಿಟ್ಟುಕೊಂಡಿದ್ದ. "ಅಮೂಲ್ಯಾ," ಅಂದ. ಶೇಷಪ್ಪ ಆ ಹೆಸರು ಹಿಡಿದು ಕರೆದ. ಕಾಗೆ ಕತ್ತು ಓರೆ ಮಾಡಿ ಕೇಳಿಸಿಕೊಂಡಿತು, ಅಲ್ಲಿಯೇ ಕೂತೇ ಇತ್ತು. ಸಾರಿನ ಮೇಲೆ ಎಣ್ಣೆ ಕಟ್ಟಿತು. ಮತ್ತೆ ಕರೆದ, ಕೈ ಮುಗಿದು ಬೇಡಿದ. ರಸ್ತೆಯಲ್ಲಿ ಒಂದು ಗಾಡಿಯೂ ಬರಲಿಲ್ಲ, ಎಲೆಯೂ ಅಲ್ಲಾಡಲಿಲ್ಲ.

"ಹೆಸ್ರು ಸರಿ ಇಲ್ಲ," ಅಂದ ಶೇಷಪ್ಪ.

"ಬೇಡ ಬಿಡ್ರಿ, ಹೋಗೋಣ," ಅಂತ ಅನ್ನಪೂರ್ಣಮ್ಮ ತಮ್ಮ ಹಳೆಯ ಜೀಪಿನ ಕಡೆ ತಿರುಗಿದರು. ಜಯದೇವಪ್ಪ ಕೆಂಪು ಕಾರನ್ನು ಆಸೆಯಿಂದ ಒಮ್ಮೆ ನೋಡಿ ಅವರ ಹಿಂದೆ ಹೆಜ್ಜೆ ಹಾಕಿದರು. ಸುಂದರೇಶ ಮಾಲತಿಯ ಕಡೆ ನೋಡಿದ. ಇಷ್ಟು ವರ್ಷ ಜತೆಗೆ ಕೆಲಸ ಮಾಡಿದವನು. ಅವನ ಕಣ್ಣು ಅವಳ ಮುಖದಿಂದ ಇಳಿದು ಇಳಿದು ಪಾದದ ಹತ್ತಿರ ನಿಂತಿತು.

ಮಾಲತಿಗೆ ತೋಟದ ಕತ್ತಿ ಕಣ್ಣ ಮುಂದೆ ಬಂತು. ಶೇಷಪ್ಪನ ಹತ್ತಿರ ಹೋಗಿ ಕಿವಿಯಲ್ಲಿ ಹೇಳಿದಳು. ಮುದುಕ ಆಶ್ಚರ್ಯಪಡಲಿಲ್ಲ. ತಲೆಯಾಡಿಸಿ, ಗಟ್ಟಿಯಾಗಿ ಕರೆದ: "ಮಾಲತೀ, ಬಾರವ್ವಾ, ಉಣ್ಣು ಬಾ!"

ಕಾಗೆ ತಕ್ಷಣ ಇಳಿಯಿತು. ಕಡುಬು ಕುಕ್ಕಿತು, ಸಾರಿನಲ್ಲಿ ಕೊಕ್ಕು ಅದ್ದಿತು, ಯಾರಿಗೂ ಹೆದರದೆ ನಿಧಾನಕ್ಕೆ ಉಂಡಿತು.

ಎಲ್ಲರ ಮುಖವೂ ಸಡಿಲವಾಯಿತು. ಜಯದೇವಪ್ಪ ಕೇಕೆ ಹಾಕುವುದೊಂದು ಬಾಕಿ. ಸುಂದರೇಶ ಕಾಗದಗಳಿಗೆ ಸಹಿ ಹಾಕಿಸಿಕೊಂಡ. ಅನ್ನಪೂರ್ಣಮ್ಮ ಕೆಂಪು ಕಾರಿನಲ್ಲಿ ಕೂತು, ಸೆರಗಿನಿಂದ ಕಣ್ಣೊರೆಸಿಕೊಂಡು, ಕಿಟಕಿಯ ಪಕ್ಕ ನಿಂತ ಮಾಲತಿಯನ್ನು ಕೇಳಿದರು. "ಪಾಪ, ಮಾಲತಿ ಅಂತೇನು ಅವಳ ಹೆಸರು? ಯಾರ ಮನೆ ಮಗಳಮ್ಮ?"

"ಇಲ್ಲೇ, ಎಸ್ಟೇಟ್ ಲೈನಿನ ಶಾಂತಕ್ಕನ ಮಗಳು."

"ತಾಯಿ ಇದಾಳಾ?"

"ಇದಾಳೆ," ಅಂದಳು ಮಾಲತಿ. "ಅವಳಿಗಿನ್ನೂ ಗೊತ್ತಿಲ್ಲ."