ಅಟ್ಟದ ಕೆಳಗೆ ಮಾಗಲಿಟ್ಟ ಕಾರು

ನಮ್ಮ ಮನೆ ದೊಡ್ಡದು. ಆದರೆ ಗಂಡ ಹೆಂಡತಿ ಕೂತು ಮಾತಾಡಲಿಕ್ಕೆ ಅದರಲ್ಲಿ ಜಾಗವಿರಲಿಲ್ಲ. ನಾನು ಮದುವೆಯಾಗಿ ದಂಡಿನಶಿವರದ ಹತ್ತಿರದ ಈ ಊರಿಗೆ ಬಂದಾಗ ಮನೆಯಲ್ಲಿ ಅತ್ತೆ, ಮಾವ, ಇಬ್ಬರು ಮೈದುನರು, ಒಬ್ಬಳು ನಾದಿನಿ. ಸಾಲದ್ದಕ್ಕೆ ಕೊಬ್ಬರಿ ವಿಚಾರಕ್ಕೆ ಬಂದು ಪಡಸಾಲೆಯಲ್ಲಿ ತಳವೂರಿದವರು ಯಾರಾದರೂ ಸದಾ ಇರುತ್ತಿದ್ದರು. ನಮ್ಮ ಕೋಣೆಯ ಗೋಡೆ ಸೂರಿನ ತನಕ ಹೋಗಿರಲಿಲ್ಲ. ಪಕ್ಕದ ಕೋಣೆಯಲ್ಲಿ ಅತ್ತೆ ಮಗ್ಗುಲು ಬದಲಿಸಿದರೆ ಬಳೆ ಸದ್ದು ಕೇಳುತ್ತಿತ್ತು. ನಮ್ಮ ಮನೆಯವರದ್ದು ಮೊದಲೇ ಮಾತು ಕಮ್ಮಿ. ಮೊದಲ ಸಲ ತವರಿಗೆ ಹೋದಾಗ, ಅವರು ನನ್ನ ಜೊತೆ ಆಡುವ ಮಾತೆಂದರೆ "ನೀರು ಕೊಡು", "ದೀಪ ಆರ್ಸು" ಇಷ್ಟೇ ಎಂದು ಹೇಳಿದೆ. ನಮ್ಮಮ್ಮ ನಕ್ಕಳು. ನನಗೆ ನಗು ಬರಲಿಲ್ಲ.

ಆ ಮನುಷ್ಯನಿಗೆ ಮಾತು ಬರುತ್ತದೆ ಎಂದು ನನಗೆ ಗೊತ್ತಾಗಿದ್ದು ಕಾರಿನಲ್ಲಿ.

ಮಾವ ಯಾರಿಂದಲೋ ಕೊಂಡಿದ್ದ ಹಳೇ ಅಂಬಾಸಿಡರ್ ಅದು. ಈಗಿನ ಕಾರುಗಳ ಹಾಗೆ ಮುಂದೆ ಎರಡು ಬೇರೆ ಬೇರೆ ಸೀಟುಗಳಲ್ಲ, ಆ ಬಾಗಿಲಿನಿಂದ ಈ ಬಾಗಿಲಿನ ತನಕ ಒಂದೇ ಉದ್ದನೆಯ ಸೀಟು. ಗೇರು ಸ್ಟೇರಿಂಗಿನ ಬುಡದಲ್ಲೇ ಇತ್ತು, ಹಾಗಾಗಿ ಕೂತವರಿಬ್ಬರ ನಡುವೆ ಅಡ್ಡ ಏನೂ ಇರಲಿಲ್ಲ. ಮಾವ ಅದರ ನೆತ್ತಿಯ ಮೇಲೆ ಕ್ಯಾರಿಯರ್ ಕೂರಿಸಿದ್ದರು, ಒಳಗೆ ಒಂದು ಪುಟ್ಟ ಫ್ಯಾನು ಹಾಕಿಸಿದ್ದರು, ಹಿಂದಿನ ಗಾಜಿಗೆ ಹಸಿರು ಪರದೆ ಕಟ್ಟಿದ್ದರು. ಕಾಯಿ ಮೂಟೆ, ಹಿಂಡಿ ಮೂಟೆ, ಬಾಣಂತಿಯರು, ಒಂದು ಸಲ ಕಾಲು ಮುರಿದ ಕರು, ಎಲ್ಲವೂ ಆ ಕಾರಿನಲ್ಲಿ ಓಡಾಡಿದ್ದವು.

ಕೊಬ್ಬರಿ ಹರಾಜಿನ ದಿನ ಇವರು ತಿಪಟೂರಿಗೆ ಹೊರಟರೆ ಅತ್ತೆ ಒಳಗಿನಿಂದಲೇ, "ಅವ್ಳನ್ನೂ ಕರ್ಕಂಡ್ ಹೋಗ್ಲಾ, ಸಾಮಾನು ನೋಡಿ ತತ್ತಾಳೆ" ಅನ್ನುತ್ತಿದ್ದರು. ಅತ್ತೆಗೆ ನಮ್ಮ ಕಷ್ಟ ಗೊತ್ತಿದ್ದೇ ಹಾಗೆ ಹೇಳುತ್ತಿದ್ದರೇನೋ ಎಂದು ಈಗ ಅನ್ನಿಸುತ್ತದೆ. ಊರು ದಾಟಿ ತೋಟಗಳ ನಡುವೆ ರಸ್ತೆ ನೆಟ್ಟಗಾದದ್ದೇ ಇವರ ಬಾಯಿ ಬಿಚ್ಚಿಕೊಳ್ಳುತ್ತಿತ್ತು. ಕಣ್ಣು ರಸ್ತೆಯ ಮೇಲಿದ್ದು, ಕೇಳುವವರ ಮುಖ ನೋಡುವ ಕಷ್ಟ ಇಲ್ಲದಿದ್ದರೆ ಅವರು ಏನನ್ನು ಬೇಕಾದರೂ ಹೇಳುತ್ತಿದ್ದರು. ಚಿಕ್ಕವರಿದ್ದಾಗ ಬಾವಿಗೆ ಬಿದ್ದದ್ದು, ಅಪ್ಪನ ಮೇಲಿನ ಕೋಪ, ಹೆಣ್ಣು ನೋಡಲು ಬಂದ ದಿನ ನನ್ನ ಮುಖವನ್ನೇ ನೋಡದೆ ಕಾಫಿ ಲೋಟ ನೋಡಿಕೊಂಡು ಹೋದದ್ದು. ನಾನೂ ಕಾಲು ಮೇಲೆ ಮಡಚಿ ಕೂತು, ಬಾಯಿ ನೋಯುವ ತನಕ ಮಾತಾಡುತ್ತಿದ್ದೆ. ವಾಪಸ್ಸು ಬಂದು ಕಾರಿನ ಬಾಗಿಲು ಹಾಕಿದರೆ ಮುಗಿಯಿತು, ಮತ್ತೆ "ನೀರು ಕೊಡು".

ನಮ್ಮ ಮೊದಲನೇ ಮಗು ಉಳಿಯಲಿಲ್ಲ. ಗಂಡು ಕೂಸು, ಏಳು ತಿಂಗಳಿಗೇ ಹುಟ್ಟಿ ಹೋಯಿತು. ತಿಪಟೂರಿನ ಆಸ್ಪತ್ರೆಯಿಂದ ನಾವಿಬ್ಬರೇ ಮನೆಗೆ ಬರುವಾಗ, ದಾರಿಯಲ್ಲಿ ಕೆರೆ ಏರಿಯ ಮೇಲೆ ಇವರು ಕಾರು ನಿಲ್ಲಿಸಿ, ಸ್ಟೇರಿಂಗಿಗೆ ಹಣೆ ಹಚ್ಚಿ ಅತ್ತರು. ಆವತ್ತು ಮಾತ್ರ ಒಂದು ಮಾತೂ ಆಡಲಿಲ್ಲ. ನಾನು ಸೀಟಿನ ಮೇಲೆ ಹಾಗೇ ಜರುಗಿ ಅವರಿಗೆ ಒತ್ತಿಕೊಂಡು ಕೂತೆ. ಬಹಳ ಹೊತ್ತು ಕೂತಿದ್ದೆವು. ಮನೆ ಮುಟ್ಟಿದ ಮೇಲೆ ಅವರು ಆ ಮಗುವಿನ ಸುದ್ದಿ ಎತ್ತಲಿಲ್ಲ. ಆಮೇಲೆ ಮಗಳು ಹುಟ್ಟಿದಳು, ಮಗ ಹುಟ್ಟಿದ. ಆಗಲೂ ಎತ್ತಲಿಲ್ಲ.

ಮಾವ ಹೋದರು, ಮೈದುನರು ಭಾಗ ತೆಗೆದುಕೊಂಡು ಬೇರೆಯಾದರು. ಅಂಬಾಸಿಡರ್ ನಮ್ಮ ಪಾಲಿಗೆ ಬಂತು. ಹೊಸ ಕಾರು ಬಂದ ಮೇಲೂ ಸಂಜೆ ಹೊತ್ತು ನಾವಿಬ್ಬರು ಹಳೆಯದನ್ನು ತೆಗೆದುಕೊಂಡು ಸಂಪಿಗೆ ಕಡೆಗೋ ತುರುವೇಕೆರೆ ಕಡೆಗೋ ಹೋಗಿಬರುತ್ತಿದ್ದೆವು. ಏನು ಕೆಲಸ ಎಂದು ಯಾರಾದರೂ ಕೇಳಿದರೆ ಇವರು "ಬ್ಯಾಟ್ರಿ ಚಾರ್ಜ್ ಆಗ್ಲಿ ಅಂತ" ಅನ್ನುತ್ತಿದ್ದರು. ಆ ದಿನಗಳು ಚೆನ್ನಾಗಿದ್ದವು.

ಅದಕ್ಕೆ ಕಲ್ಲು ಹಾಕಿದ್ದು ನಾದಿನಿಯ ಮಗಳ ಮದುವೆಗೆ ಬಂದಿದ್ದ ಬೀಗರ ಕಡೆಯ ಒಬ್ಬ ದೊಡ್ಡ ಮನುಷ್ಯ. ಬೆಂಗಳೂರಿನವರು, ತಲೆಗೆ ದುಂಡನೆ ಟೋಪಿ. ನಮ್ಮ ಕಾರಿನ ಸುತ್ತ ಎರಡು ಸುತ್ತು ಹಾಕಿ, "ಏನ್ರೀ ಇದು, ಇಂಥಾ ಗಾಡೀಲಿ ಕಾಯಿ ಮೂಟೆ ಹೊರ್ತೀರಾ? ಇದರ ಬೆಲೆ ಗೊತ್ತೇನ್ರೀ ನಿಮಗೆ?" ಎಂದು ಇವರನ್ನು ಬೈದರು. ಬೆಲೆ ಎಷ್ಟಾಗಬಹುದು ಎಂದು ಕಿವಿಯಲ್ಲಿ ಹೇಳಿಯೂ ಹೋದರು. ಅಂತೂ ಇವರ ತಲೆಗೆ ಹುಳ ಬಿಟ್ಟರು.

ಮೊದಲು ಕ್ಯಾರಿಯರ್ ಇಳಿಯಿತು. ಆಮೇಲೆ ಫ್ಯಾನು ಹೋಯಿತು, ಪರದೆ ಹೋಯಿತು. ಕಾರ್ಖಾನೆಯಿಂದ ಬಂದಾಗ ಹೇಗಿತ್ತೋ ಹಾಗೇ ಇರಬೇಕಂತೆ. ಸೀಟು ಬೆಂಗಳೂರಿಗೆ ಹೋಗಿ ಹೊಸ ಹೊದಿಕೆ, ಅದರ ಮೇಲೆ ಪ್ಲಾಸ್ಟಿಕ್ ಹೊದಿಕೆ ಹೊದ್ದು ಬಂತು. ಪ್ಲಾಸ್ಟಿಕ್ ತೆಗೆಯುವ ಹಾಗಿಲ್ಲ. ನನ್ನ ತಲೆಯ ಕೊಬ್ಬರಿ ಎಣ್ಣೆ ತಾಗುತ್ತದೆ ಎಂದು ಅದರ ಮೇಲೊಂದು ಟವೆಲು ಬೇರೆ. ಕೊಬ್ಬರಿಯಿಂದ ಬದುಕಿದ ಮನೆಯಲ್ಲಿ ಕೊಬ್ಬರಿ ಎಣ್ಣೆಗೆ ಈ ಗತಿ ಬಂದದ್ದು ನೋಡಿ ನಾನು ಮೊದಲು ನಕ್ಕೆ.

ಮೈಸೂರಿನಲ್ಲಿ ಹಳೇ ಕಾರುಗಳನ್ನು ಸಾಲಾಗಿ ನಿಲ್ಲಿಸುವ ಒಂದು ಕೂಟಕ್ಕೆ ಹೋದ ಮೇಲೆ ನಗು ನಿಂತಿತು. ಅಲ್ಲಿ ಎಷ್ಟೋ ಕಾರುಗಳು ಲಾರಿಯ ಮೇಲೆ ಮಲಗಿಕೊಂಡು ಬಂದಿದ್ದವು. ಮುಟ್ಟಬೇಡಿ ಎಂದು ಚೀಟಿ ಅಂಟಿಸಿಕೊಂಡು ನಿಂತಿದ್ದವು. ಅವುಗಳ ಯಜಮಾನರು ಒಬ್ಬರ ಕಾರಿನಲ್ಲಿ ಇನ್ನೊಬ್ಬರು ಹುಳುಕು ಹುಡುಕುತ್ತಾ ಓಡಾಡುತ್ತಿದ್ದರು. ಒಬ್ಬರು ನಮ್ಮದರ ಅಡಿಗೆ ಟಾರ್ಚು ಬಿಟ್ಟು ನೋಡಿ, ದೀಪ ಬೇರೆ ವರ್ಷದ್ದು, ಬಣ್ಣ ತುಸು ಗಾಢ ಎಂದು ಇಂಗ್ಲಿಷಿನಲ್ಲಿ ಹೇಳಿ ಮೂಗು ಮುರಿದರು. ನಮ್ಮ ಮನೆಯವರ ಮುಖ ಚಿಕ್ಕದಾಯಿತು. ನನಗೆ ಬಿಸಿಲು ತಡೆಯಲಾಗದೆ, ಕಾರಿನ ಬಾಗಿಲು ತೆಗೆದು ನನ್ನ ಜಾಗದಲ್ಲಿ ಕೂತೆ. ಇವರು ಓಡಿ ಬಂದರು.

"ಇಳಿಯೇ ಕೆಳಕ್ಕೆ. ಸೀಟು ಮುದುರ್ತದೆ. ಎಲ್ರೂ ನೋಡ್ತಾವ್ರೆ."

ಇಳಿದೆ. ಸಂಜೆಯ ತನಕ ಒಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದೆ. ಆ ಸೀಟು ನನಗೆ ಏನಾಗಿತ್ತು ಎಂದು ಅವರಿಗೆ ಮರೆತೇ ಹೋಯಿತೇ ಎನ್ನುವುದು ನನ್ನ ಸಂಕಟ.

ಅವಮಾನ ಮಾಡಿಸಿಕೊಂಡು ಬಂದವರು ಅವಮಾನ ಮಾಡುವುದನ್ನು ಕಲಿತು ಬಂದಿದ್ದರು. ಕಂದಿಕೆರೆ ಕಡೆಯ ಒಬ್ಬ ತೋಟದವನ ಹತ್ತಿರ ಇಂಥದೇ ಅಂಬಾಸಿಡರ್ ಇತ್ತು. ನೀಲಿ ಬಣ್ಣ, ಯಾವುದೋ ವ್ಯಾನಿನ ಡೀಸೆಲ್ ಇಂಜಿನ್ನು, ಹಿಂದೆ ಎರಡು ದೊಡ್ಡ ಸ್ಪೀಕರು. ಹುಲ್ಲಿನ ಹೊರೆ, ಮೇಕೆ, ಅಕ್ಕಪಕ್ಕದ ಮನೆಯ ಹೆಂಗಸರು ಎಲ್ಲರನ್ನೂ ತುಂಬಿಕೊಂಡು ಸುತ್ತುವ ಕಾರು. ನಮ್ಮಲ್ಲೂ ಒಂದಿದೆ ಎಂದು ಕೇಳಿ ಖುಷಿಯಾಗಿ ನೋಡಲು ಬಂದಿದ್ದ.

"ಅಣ್ಣಾ, ಎರಡನ್ನೂ ಒತ್ತಟ್ಟಿಗೆ ನಿಲ್ಸಿ ಒಂದ್ ಫೋಟೋ ತಗಳಾಣ" ಅಂದ.

"ನಿಂದನ್ನ ಅಂಬಾಸಿಡರ್ ಅಂತಾರೇನಪ್ಪ? ಇಂಜಿನ್ನೇ ಬೇರೇದು," ಅಂದರು ಇವರು. "ಅದ್ರ ಪಕ್ಕ ನಿಲ್ಸಿದ್ರೆ ನಮ್ದ್ರ ಬೆಲೆ ಇಳೀತದೆ."

ನನಗೆ ನಾಚಿಕೆಯಾಯಿತು. ಅವನು ನಾನು ಕೊಟ್ಟ ಮಜ್ಜಿಗೆ ಪೂರ್ತಿ ಕುಡಿದು ಲೋಟ ಕೆಳಗಿಟ್ಟ. "ಆಗ್ಲಿ ಬುಡಣ್ಣ. ಏನೋ ಒಂದು, ಓಡ್ತದೆ" ಅಂದು, ಹಾಡು ಜೋರಾಗಿ ಹಾಕಿಕೊಂಡು ಹೋದ.

ಸ್ವಲ್ಪ ದಿನಕ್ಕೆ ಬೆಂಗಳೂರಿನಿಂದ ಒಬ್ಬರು ಕೊಳ್ಳಲು ಬಂದರು. ಒಳ್ಳೆಯ ಬೆಲೆಯನ್ನೇ ಹೇಳಿದರು. ಇವರು ಕೊಡಲಿಲ್ಲ. ಪ್ರೀತಿಯಿಂದ ಇಟ್ಟುಕೊಂಡರು ಅಂದುಕೊಳ್ಳಬೇಡಿ, ರೇಟು ಇನ್ನೂ ಬರಲಿ ಎಂದು ಇಟ್ಟುಕೊಂಡರು. ಅದೂ ಎಲ್ಲಿ? ಕೊಬ್ಬರಿ ಅಟ್ಟದ ಕೆಳಗೆ.

ನಮ್ಮ ಕಡೆ ತೆಂಗಿನಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ವರ್ಷದ ಹತ್ತಿರ ಹತ್ತಿರ ಮುಟ್ಟದೆ ಬಿಡುತ್ತೇವೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆ ಕೊಬ್ಬರಿಯಾಗುತ್ತದೆ. ಆತುರಪಟ್ಟು ಕೈ ಹಾಕಿದವನು ಕೆಟ್ಟ. ರೇಟು ಸರಿ ಇಲ್ಲವೇ, ಇನ್ನೂ ನಾಲ್ಕು ತಿಂಗಳು ಇಡು. ಕದಲಿಸದೆ ಕತ್ತಲಲ್ಲಿ ಇಟ್ಟದ್ದು ಬೆಲೆ ಕಟ್ಟಿಕೊಳ್ಳುತ್ತದೆ ಎನ್ನುವುದು ನಮಗೆ ಹುಟ್ಟಿನಿಂದ ಬಂದ ಬುದ್ಧಿ. ಇವರು ಅದೇ ಬುದ್ಧಿಯಲ್ಲಿ ಕಾರನ್ನು ಅಟ್ಟದ ಕೆಳಗೆ ತಂದು, ಬ್ಯಾಟರಿಯ ವೈರು ಬಿಚ್ಚಿ, ಮೇಲೆ ಬಟ್ಟೆ ಮುಚ್ಚಿದರು.

"ಓಡ್ಸಿದ್ರೆ ಮೀಟ್ರು ಏರ್ತದೆ, ಬೆಲೆ ಇಳೀತದೆ. ಇಲ್ಲೇ ಬೆಚ್ಚಗೆ ಬಿದ್ದಿರ್ಲಿ."

"ಅದು ಕೊಬ್ರಿ ಅಲ್ಲ ಕಣ್ರೀ, ಕಾರು," ಅಂದೆ ನಾನು. "ವಾರಕ್ಕೊಂದ್ ದಪ ಆದ್ರೂ ಓಡಾಡ್ಲಿ."

"ನಿಂಗೇನ್ ಗೊತ್ತು, ಸುಮ್ನಿರು."

ಸುಮ್ಮನಿರುವುದಕ್ಕೆ ಈಗ ಯಾವ ಅಡ್ಡಿಯೂ ಇರಲಿಲ್ಲ. ಅತ್ತೆಯೂ ತೀರಿಕೊಂಡಿದ್ದರು, ಮಗಳು ಗಂಡನ ಮನೆ ಸೇರಿದ್ದಳು, ಮಗ ಸೊಸೆ ಮಹಡಿಯ ಮೇಲೆ ಮನೆ ಮಾಡಿಕೊಂಡಿದ್ದರು. ಕೆಳಗೆ ನಮ್ಮಿಬ್ಬರಿಗೆ ಜಾಗವೋ ಜಾಗ. ಮಾತೇ ಇಲ್ಲ. ಇವರು ಸಂಜೆಯಾದರೆ ಫೋನಿನಲ್ಲಿ ಹಳೇ ಕಾರುಗಳ ರೇಟು ನೋಡುತ್ತಾ ಕೂರುತ್ತಿದ್ದರು. ಹೊಸ ಕಾರನ್ನು ಮಗ ಓಡಿಸುತ್ತಿದ್ದ, ಇವರು ಮುಂದೆ, ನಾನು ಹಿಂದೆ. ಹೀಗೇ ವರ್ಷಗಳು ಕಳೆದವು. ನಾನು ಸಿಟ್ಟಿನವಳಾದೆ. ಆ ಬಟ್ಟೆ ಮುಚ್ಚಿದ ಗುಡ್ಡೆಯನ್ನು ಕಂಡರೆ ಸವತಿಯನ್ನು ಕಂಡಷ್ಟು ಹೊಟ್ಟೆ ಉರಿಯುತ್ತಿತ್ತು.

ಕಳೆದ ವರ್ಷ, ಹಿಂದೆ ಕೊಳ್ಳಲು ಬಂದಿದ್ದ ಬೆಂಗಳೂರಿನವರು ಮತ್ತೆ ಬಂದರು. ಈ ಸಲ ಇವರ ಮನಸ್ಸಿನಲ್ಲಿದ್ದ ಬೆಲೆಗೇ ಒಪ್ಪಿ ಬಂದಿದ್ದರು. ಇವರು ಬಿಳಿ ಪಂಚೆ ಉಟ್ಟು, ಮದುಮಗಳ ಸೆರಗು ಸರಿಸುವಷ್ಟು ನಾಜೂಕಾಗಿ ಬಟ್ಟೆ ಎಳೆದರು.

ಅಟ್ಟದಲ್ಲಿ ಒಡೆದ ಕಾಯಿಗಳ ಕೊಳೆತ ನೀರು ಸಂದಿಯಿಂದ ತೊಟ್ಟಿಕ್ಕಿ ತೊಟ್ಟಿಕ್ಕಿ ಬಟ್ಟೆಯಲ್ಲಿ ಇಂಗಿತ್ತು. ನೆತ್ತಿಯ ಬಣ್ಣ ಹೊಪ್ಪಳಿಸಿ ಎದ್ದು, ತುಕ್ಕು ತಗಡು ಕಾಣುತ್ತಿತ್ತು. ಬಾಗಿಲು ತೆಗೆದರೆ ಇಲಿಗಳು ಹಾರಿಬಿದ್ದವು. ಮುದುರಬಾರದು ಎಂದು ನನ್ನನ್ನು ಇಳಿಸಿದ್ದ ಸೀಟಿನೊಳಗೆ ಅವು ಮೂರು ತಲೆಮಾರು ಬಾಳಿದ್ದವು. ಇಂಜಿನ್ನು ಹಿಡಿದುಕೊಂಡಿತ್ತು, ಚಕ್ರಗಳು ಉರುಳಲೊಲ್ಲವು. ಬಂದವರು ಮೂಗಿಗೆ ಕರ್ಚೀಫು ಒತ್ತಿಕೊಂಡು, "ಅಯ್ಯೋ, ಹಾಳು ಮಾಡ್ಬಿಟ್ರಲ್ರೀ" ಅಂದು, ಕಾಫಿಗೂ ನಿಲ್ಲದೆ ಹೊರಟರು.

ನಮ್ಮ ಮನೆಯವರು ಜಗುಲಿಯ ಮೇಲೆ ಕೂತರು. ಊಟಕ್ಕೆ ಎದ್ದುಬರಲಿಲ್ಲ. ನನಗೆ ಪಾಪ ಅನ್ನಿಸಿತು. ಒಳಗೊಳಗೇ ಸಂತೋಷವೂ ಆಯಿತು, ಸುಳ್ಳೇಕೆ ಹೇಳಲಿ. ಪಕ್ಕದಲ್ಲಿ ಹೋಗಿ ಕೂತೆ.

"ಇನ್ನ ಅದು ಯಾರಿಗೂ ಬ್ಯಾಡ ಅಲ್ವಾ?"

"ಯಾರು ತಗತಾರೆ ಅದನ್ನ."

"ಹಂಗಾದ್ರೆ ನಮ್ದೇ ಆಯ್ತು ಬುಡಿ," ಅಂದೆ. "ಓಡೋ ಹಂಗೆ ಮಾಡ್ಸಿ. ಚೆಂದ ಏನೂ ಬ್ಯಾಡ."

ಅವರು ನನ್ನ ಮುಖ ನೋಡಿದರು. ಎದ್ದು ಊಟಕ್ಕೆ ಬಂದರು.

ಕಂದಿಕೆರೆಯವನಿಗೆ ಫೋನು ಮಾಡಿದವಳು ನಾನು. ಇವರಿಗೆ ಮುಖವಿರಲಿಲ್ಲ. ಅವನು ಮಾರನೇ ದಿನವೇ ಹಗ್ಗ ತೆಗೆದುಕೊಂಡು, ಅದೇ ಹಾಡು ಹಾಕಿಕೊಂಡು ಬಂದ. ಹಳೆಯದನ್ನು ಕೆದಕಲಿಲ್ಲ. ಚಕ್ರ ಬಿಡಿಸಿದ ಮೇಲೆ ಇವರೇ ಬಗ್ಗಿ ಅವನ ಕಾರಿಗೆ ಹಗ್ಗ ಕಟ್ಟಿದರು. ಕಟ್ಟುತ್ತಾ ತಲೆ ಎತ್ತದೆ ಕೇಳಿದರು:

"ಎಳೀತದೇನಪ್ಪ ನಿನ್ ಅಂಬಾಸಿಡರ್ರು?"

"ಎಳೀದೇ ಇರ್ತದೇನಣ್ಣ" ಅಂದ ಅವನು. ಮುಖವೆಲ್ಲಾ ನಗು.

ತುರುವೇಕೆರೆಯ ಗ್ಯಾರೇಜಿನಲ್ಲಿ ಅದಕ್ಕೆ ಸಿಕ್ಕಿದ್ದು ಹಾಕಿದರು. ಅಸಲಿ ಸಾಮಾನು ಯಾವುದು ಎಂದು ಯಾರೂ ಕೇಳಲಿಲ್ಲ. ನೆತ್ತಿಗೆ ಬಳಿದ ಬಣ್ಣ ಮೈಯ ಬಣ್ಣಕ್ಕೆ ಹೊಂದಲಿಲ್ಲ. ಕ್ಯಾರಿಯರ್ ಮತ್ತೆ ಏರಿತು. ಸೀಟಿಗೆ ನಮ್ಮ ತೋಟದ ತೆಂಗಿನ ನಾರನ್ನೇ ತುಂಬಿಸಿ ಕಂದು ರೆಕ್ಸಿನ್ ಹೊಲಿಸಿದೆವು. ಕೂತರೆ ಸ್ವಲ್ಪ ಚುಚ್ಚುತ್ತದೆ.

ಮೊದಲ ಸಂಜೆ ನಾವಿಬ್ಬರೇ ತಿಪಟೂರಿನ ಕಡೆ ಹೊರಟೆವು. ನಾನು ತಲೆಗೆ ಚೆನ್ನಾಗಿ ಎಣ್ಣೆ ಹಚ್ಚಿಕೊಂಡೇ ಕೂತಿದ್ದೆ. ಊರು ದಾಟಿತು, ತೋಟಗಳು ಶುರುವಾದವು, ರಸ್ತೆ ನೆಟ್ಟಗಾಯಿತು. ಇವರು ಮಾತಾಡಲಿಲ್ಲ. ನನಗೆ ಭಯವಾಯಿತು. ಕಾರನ್ನು ಗ್ಯಾರೇಜಿನವರು ಎಬ್ಬಿಸಿದರು, ಇವರ ಮಾತನ್ನು ಯಾರು ಎಬ್ಬಿಸುತ್ತಾರೆ ಅಂದುಕೊಂಡು ಕಿಟಕಿಯ ಆಚೆ ನೋಡುತ್ತಾ ಕೂತೆ. ನಮ್ಮೊಳಗೂ ಏನೋ ತುಕ್ಕು ಹಿಡಿದು ಹೋಗಿತ್ತೇನೋ.

ಕೆರೆ ಏರಿ ಬಂತು. ಇವರು ಕಾರನ್ನು ನಿಧಾನ ಮಾಡಿದರು.

"ಇಲ್ಲೇ ಅಲ್ವೇನೇ ಅವತ್ತು ನಿಲ್ಸಿದ್ದು" ಅಂದರು. ಕಣ್ಣು ರಸ್ತೆಯ ಮೇಲೇ ಇತ್ತು.

"ಹೂಂ."

ಸ್ವಲ್ಪ ದೂರ ಹೋದ ಮೇಲೆ ಮತ್ತೆ ಅಂದರು. "ಇದ್ದಿದ್ರೆ ಇವತ್ತು ಅವ್ನೇ ಓಡ್ಸೋನು. ನಾನು ನೀನು ಹಿಂದೆ ಕೂತ್ಕಬೋದಿತ್ತು."

ಅಷ್ಟು ವರ್ಷ ಆ ಮಗುವನ್ನು ನಾನೊಬ್ಬಳೇ ಬೆಳೆಸುತ್ತಿದ್ದೇನೆ ಅಂದುಕೊಂಡಿದ್ದೆ. ಪ್ರತಿ ವರ್ಷ ಅವನಿಗೊಂದು ವಯಸ್ಸು ಸೇರಿಸುತ್ತಾ, ಈಗ ಶಾಲೆ, ಈಗ ಕಾಲೇಜು ಎಂದು. ಇವರೂ ಬೆಳೆಸಿದ್ದರು. ನಾನು ಸೀಟಿನ ಮೇಲೆ ಹಾಗೇ ಜರುಗಿ ಹತ್ತಿರ ಕೂತೆ. ನಾರು ಚುಚ್ಚಿತು.

"ನಿಲ್ಲಿಸ್ಲೇನೇ?" ಅಂದರು.

"ಬ್ಯಾಡ," ಅಂದೆ. "ಓಡ್ಲಿ. ಹೇಳ್ತಾ ಓಡ್ಸಿ."