ಮಾತು ಬರಲೆಂದು ಕಾಯುವ ಸಿದ್ದಗಂಗಮ್ಮ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕಂದಿಕೆರೆಯಾಚೆಯ ಗೊಲ್ಲರಹಟ್ಟಿಯಲ್ಲಿ ಕುರಿರೊಪ್ಪದ ಪಕ್ಕದ ಕಲ್ಲಿನ ಮೇಲೆ ಸಿದ್ದಗಂಗಮ್ಮ ಕೂತಿದ್ದಾರೆ. ಅವರ ತೊಡೆಯ ಮೇಲೆ ಮೂರು ತುಂಬದ ಹೆಣ್ಣುಕೂಸು, ಕೂಸಿನ ತೊಡೆಯ ಮೇಲೆ ಪುಸ್ತಕ. ಪುಸ್ತಕ ಅಂದರೆ ಅಂಗಡಿಯದ್ದಲ್ಲ. ಸೀರೆ ಡಬ್ಬಿಯ ರಟ್ಟಿಗೆ 1999ರ ಕ್ಯಾಲೆಂಡರಿನ ಚಿತ್ರಗಳನ್ನು ಕತ್ತರಿಸಿ ಅಂಟಿಸಿ, ಗೋಣಿದಾರದಲ್ಲಿ ಹೊಲಿದದ್ದು. ಬಸ್ಸಿನ ಚಿತ್ರ ಬಂದಾಗ ಅವರು ಕೆನ್ನೆ ಉಬ್ಬಿಸಿ ಹಾರನ್ ಹೊಡೆಯುತ್ತಾರೆ. ಆ ಹಾರನ್ನೂ ಗೊಗ್ಗರಾಗಿ ಬರುತ್ತದೆ. ಗಂಟಲು ಕೆಟ್ಟು ಎರಡು ತಿಂಗಳಾಯಿತು.

ಸಿದ್ದಗಂಗಮ್ಮ ಈ ಹಟ್ಟಿಯ ಅಂಗನವಾಡಿ ಕಾರ್ಯಕರ್ತೆ. ಅಂಗನವಾಡಿಯ ಬಾಗಿಲು ತೆಗೆಯುವುದು ಒಂಬತ್ತೂವರೆಗೆ, ಅದೂ ಮೂರು ತುಂಬಿದ ಮಕ್ಕಳಿಗೆ. ತುಂಬದ ಕೂಸುಗಳು ಅಷ್ಟು ಹೊತ್ತಿಗೆ ತಾಯಂದಿರ ಸೊಂಟವೇರಿ ತೆಂಗಿನ ತೋಟಕ್ಕೋ ಕುರಿಯ ಹಿಂದೆಯೋ ಹೋಗಿಬಿಟ್ಟಿರುತ್ತವೆ. ಅದಕ್ಕೇ ಇವರು ಕತ್ತಲಲ್ಲೇ ಕಂದಿಕೆರೆಯಿಂದ ನಡೆದು ಬಂದು, ಹೆಂಗಸರು ಒಲೆ ಹಚ್ಚುವ ಹೊತ್ತಿನಲ್ಲಿ ಒಂದೊಂದೇ ಮನೆ ಬಾಗಿಲಲ್ಲಿ ಕೂತು ಕೂಸುಗಳಿಗೆ ಚಿತ್ರ ತೋರಿಸುತ್ತಾರೆ. ಹೀಗೆ ಮಾಡಿ ಅಂತ ಇವರಿಗೆ ಯಾರೂ ಹೇಳಿಲ್ಲ, ಮಾಡಿದ್ದೀರಾ ಅಂತ ಯಾರೂ ಕೇಳಿಯೂ ಇಲ್ಲ. ಆಮೇಲೆ ಅಡುಗೆ, ತೂಕ, ಪೋಲಿಯೊ ಹನಿ, ಮನೆಗಣತಿ ಇದ್ದೇ ಇವೆಯಲ್ಲ. ಸರ್ಕಾರಕ್ಕೆ ಯಾವ ಕೆಲಸ ನೆನಪಾದರೂ ಅದನ್ನು ಇವರ ತಲೆಗೇ ಕಟ್ಟುತ್ತದೆ.

“ಸಾಕಾಗೋಗದೆ ಕಣ್ರೀ,” ಅನ್ನುತ್ತಾರೆ ನನ್ನ ಹತ್ತಿರ, ಮುಚ್ಚುಮರೆಯಿಲ್ಲದೆ. “ಬೆಳಿಗ್ಗೆ ಏಳ್ತಿದ್ದಂಗೇ ಸುಸ್ತು. ಹುಳಿಯಾರಿನ ಡಾಕ್ಟ್ರು ಒಂದು ತಿಂಗ್ಳು ಮಾತೇ ಆಡ್ಬೇಡಿ ಅಂದ್ರು. ನಮ್ದು ಮಾತಾಡ್ದೆ ಮಾಡೋ ಕೆಲ್ಸಾನಾ?”

ತೊಡೆಯ ಮೇಲಿರುವುದು ಭಾಗ್ಯಳ ಮಗಳು. ಟೀವಿ ಧಾರಾವಾಹಿ ನೋಡಿ ಭಾಗ್ಯ ಆಸೆಯಿಂದ ಸ್ಪಂದನ ಅಂತ ಹೆಸರಿಟ್ಟಿದ್ದಾಳೆ. ಆದರೆ ಎರಡು ದಾಟಿದರೂ ಮಾತು ಬರಲಿಲ್ಲವೆಂದು ಹಟ್ಟಿಯಲ್ಲಿ ಎಲ್ಲರೂ ಕರೆಯುವುದು ಮೂಗಿ ಅಂತಲೇ. ಅಜ್ಜಿ ಕಾಳಕ್ಕ ಬಜೆ ತೇಯ್ದು ನಾಲಿಗೆಗೆ ಹಚ್ಚಿದರು, ಗಿಳಿ ಕಚ್ಚಿದ ಸೀಬೆಹಣ್ಣು ಹುಡುಕಿ ತಂದು ತಿನ್ನಿಸಿದರು. ಕೊನೆಗೆ ಹಣೆಬರಹ ಅಂತ ಕೈಬಿಟ್ಟರು. ಕೂಸಿನ ಕಿವಿಗೇನೂ ತೊಂದರೆಯಿಲ್ಲ, ಹೇಳಿದ್ದೆಲ್ಲ ತಿಳಿಯುತ್ತದೆ. ಚೊಂಬಿನ ಕಡೆ ಕೈ ತೋರಿಸಿದರೆ ನೀರು ಬರುತ್ತದೆ, ಗಡಿಗೆಯ ಕಡೆ ತೋರಿಸಿದರೆ ಮಜ್ಜಿಗೆ. ಕೇಳುವ ಮೊದಲೇ ಎಲ್ಲ ಸಿಗುವಾಗ ಬಾಯಿ ತೆರೆಯಲು ಅದಕ್ಕಾದರೂ ಏನು ಅವಸರ?

ಅವಸರವಿದ್ದದ್ದು ಸಿದ್ದಗಂಗಮ್ಮನಿಗೆ. ದೀಪಾವಳಿ ಕಳೆಯುತ್ತಲೇ ಈ ಮನೆಯವರೆಲ್ಲ ಕುರಿ ಹೊಡೆದುಕೊಂಡು ಕೊಯ್ಲಾದ ಹೊಲಗಳತ್ತ ಹೊರಡುತ್ತಾರೆ. ಹಿಂದಿರುಗುವುದು ಯುಗಾದಿಯ ಸುಮಾರಿಗೆ. ಅಲ್ಲಿ ಕೂಸನ್ನು ಕೂರಿಸಿಕೊಂಡು ಮಾತಾಡಿಸುವವರು ಯಾರು? ವಾಪಸು ಬರುವಷ್ಟರಲ್ಲಿ ಮೂಗಿ ಅನ್ನುವುದೇ ಗಟ್ಟಿಯಾಗಿಬಿಟ್ಟರೆ ಅನ್ನುವ ಭಯ ಅವರನ್ನು ನಿದ್ದೆ ಮಾಡಲು ಬಿಟ್ಟಿಲ್ಲ. ಹೊರಡುವ ಮುಂಚೆ ಒಂದೇ ಒಂದು ಮಾತು ಬಂದರೆ ಸಾಕಿತ್ತು.

ಮಾತು ಕಲಿಸಬೇಕೆಂದರೆ ಮಾತು ಸುರಿಯಬೇಕು ಅಂತಲೇ ಅವರೂ ತಿಳಿದಿದ್ದರು. ಇದೇನು? ಹಸು. ಇದೇನು? ಕೋಳಿ. ಪ್ರಶ್ನೆಯೂ ಇವರದೇ, ಉತ್ತರವೂ ಇವರದೇ. ಹೋದ ವಾರ ಒಂದು ಬೆಳಿಗ್ಗೆ ಗಂಟಲು ಪೂರ್ತಿ ಕಟ್ಟಿಕೊಂಡಿತು. ಟಗರಿನ ಚಿತ್ರ ತೆರೆದರು, ದನಿಯೇ ಹೊರಡಲಿಲ್ಲ. ಚಿತ್ರದ ಮೇಲೆ ಬೆರಳಿಟ್ಟು, ಹುಬ್ಬು ಹಾರಿಸಿ, ಸುಮ್ಮನೆ ಕೂಸಿನ ಮುಖ ನೋಡಿದರು. ಕೂಸೂ ಇವರ ಮುಖ ನೋಡಿತು. ತಡೆಯಲಾರದೆ ಕಾಳಕ್ಕ ಹೇಳಿಕೊಡಲು ಬಾಯಿ ತೆರೆದರು. ಹಿರಿಯರೆಂದೂ ನೋಡದೆ ಅವರ ತೊಡೆಯನ್ನು ಸಿದ್ದಗಂಗಮ್ಮ ಚಿವುಟಿದರು. ಆಗ ಕೂಸು ಟಗರಿನ ಕೊಂಬು ಮುಟ್ಟಿ, “ತಗೂ” ಅಂದಿತು.

ಕಾಳಕ್ಕ ನಂಬಲಿಲ್ಲ, ತೇಗಿದ್ದಿರಬೇಕು ಅಂದರು. ಸಿದ್ದಗಂಗಮ್ಮ ಪುಟ ಮಗುಚಿ, ತಿರುಗಿ ಟಗರಿಗೇ ಬಂದು ಮತ್ತೆ ಕಾದರು. ಮತ್ತೆ ತಗೂ. ಅಜ್ಜಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತೇಬಿಟ್ಟರಂತೆ. ಹೇಳುವಾಗ ಸಿದ್ದಗಂಗಮ್ಮನ ಕಣ್ಣಲ್ಲೂ ನೀರಿದೆ. “ಇಷ್ಟು ವರ್ಷ ಸುಮ್ಸುಮ್ನೆ ಅರಚ್ಕೊಂಡ್ನಲ್ಲ ಅನ್ನಿಸ್ತು. ಸುಮ್ನಿರೋದು ಎಂಥ ಕಷ್ಟ ಗೊತ್ತಾ? ನಾಲ್ಗೆ ತುದೀಗೆ ಬಂದಿರ್ತದೆ, ನುಂಗ್ಕೋಬೇಕು.”

ಇವತ್ತು ಕಾಳಕ್ಕನ ಮನೆಯವರು ಹೊರಡುವ ದಿನ. ಕಂಬಳಿ, ಪಾತ್ರೆಗಳ ಗಂಟು ಕಟ್ಟಿಯಾಗಿದೆ. ಕೂಸಿಗೆ ಈಗ ನೀರು ಅನ್ನಲೂ ಬರುತ್ತದೆ, ಮನಸ್ಸಿದ್ದರೆ ಮಾತ್ರ. ಸಿದ್ದಗಂಗಮ್ಮ ಎದ್ದು ಪುಸ್ತಕವನ್ನು ಕಾಳಕ್ಕನ ಕೈಗೆ ಕೊಡುತ್ತಾರೆ. ಅವರು ಹಿಂದೆ ಸರಿಯುತ್ತಾರೆ.

“ನಂಗೆ ಓದಾಕೆ ಎಲ್ಲಿ ಬತ್ತದವ್ವ?”

“ನೀವು ಓದ್ಬೇಡಿ ಬುಡಿ. ತೋರ್ಸಿ, ಸುಮ್ಕಿರಿ. ಅದು ಓದ್ತದೆ.”

ಕುರಿಗಳ ಹಿಂದೆ ಮನೆಯವರೆಲ್ಲ ಹೊರಡುತ್ತಾರೆ. ತಾಯಿಯ ಸೊಂಟದ ಮೇಲಿನ ಕೂಸು ತಿರುಗಿ ತಿರುಗಿ ನೋಡುತ್ತದೆ. ಧೂಳು ಇಳಿಯುವವರೆಗೂ ನಿಂತಿದ್ದ ಸಿದ್ದಗಂಗಮ್ಮ ಸೊಂಟ ಹಿಡಿದುಕೊಂಡು ಮತ್ತೆ ಕಲ್ಲಿನ ಮೇಲೆ ಕೂರುತ್ತಾರೆ. ಇನ್ನೊಂದು ಪುಸ್ತಕ ಹೊಲಿಯಬೇಕು, ಇನ್ನೂ ನಾಲ್ಕು ಮನೆಗೆ ಹೋಗಬೇಕು. ಏನಾದರೂ ಆಸೆಯಿದೆಯೇ ಅಂತ ಕೇಳುತ್ತೇನೆ. ಗಂಟಲು ವಾಸಿಯಾಗಲಿ ಅನ್ನುತ್ತಾರೆಂದುಕೊಂಡಿದ್ದೆ.

“ಯುಗಾದಿಗೆ ಬತ್ತಾರಲ್ಲ,” ಅನ್ನುತ್ತಾರೆ ಗೊಗ್ಗರು ದನಿಯಲ್ಲಿ. “ಆಗ ನಾನು ಅವ್ರ ಬಾಗ್ಲಿಗೆ ಬರೋವಾಗ ಒಳಗೆ ಕಾಳಕ್ಕ ಬೈತಿರ್ಬೇಕು. ಏನೇ ಸ್ಪಂದನಾ, ಎಷ್ಟು ವಟಗುಟ್ಟೀಯೇ, ತಲೆನೋವು ಬತ್ತದೆ ಸುಮ್ಕಿರೇ ಅಂತ. ಅದೊಂದು ಬೈಗ್ಳ ಕೇಳ್ಬೇಕು ಕಣ್ರೀ ನಾನು.”