ಮೇಷ್ಟ್ರಿಗೆ ಕೇಳಿಸದ ಗೆರೆ

ಅಂಧ ಮಕ್ಕಳ ಶಾಲೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಲೆಕ್ಕ ಕಲಿಸುತ್ತಿದ್ದ ಮೇಷ್ಟ್ರಿಗೂ ಹುಟ್ಟಿನಿಂದ ಕಣ್ಣಿಲ್ಲ. ಗ್ರಾಫ್ ಪಾಠವೆಂದರೆ ಅವರಿಗೆ ಎಲ್ಲಿಲ್ಲದ ಹುರುಪು. ಮೆತ್ತನೆಯ ಹಲಗೆಗೆ ಗುಂಡುಪಿನ್ನು ಚುಚ್ಚಿ, ಪಿನ್ನಿಂದ ಪಿನ್ನಿಗೆ ದಾರ ಬಿಗಿದು, ಮಕ್ಕಳ ಬೆರಳು ಹಿಡಿದು ಅದರ ಮೇಲೆ ನಡೆಸುವರು. "ಏರ್ತಿದೆಯಾ, ಇಳೀತಿದೆಯಾ? ಮೆಟ್ಟಿಲು ಹತ್ತೋವಾಗ ಗೊತ್ತಾಗಲ್ವೇನ್ರೋ, ಹಾಗೇ!"

ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದಳು. ಅವಳಿಗೆ ಮೂತ್ರಪಿಂಡದ ಕಾಯಿಲೆ. ತಿಂಗಳಿಗೊಮ್ಮೆ ರಕ್ತ ಪರೀಕ್ಷೆ. ಫಲಿತಾಂಶ ಆಸ್ಪತ್ರೆಯ ವೆಬ್‌ಸೈಟಿನಲ್ಲಿ ಬರುತ್ತಿತ್ತು. ಮೇಷ್ಟ್ರ ಫೋನಿನಲ್ಲಿ ಪರದೆಯ ಮೇಲಿನದನ್ನು ಓದಿ ಹೇಳುವ ದನಿಯೊಂದಿತ್ತು. ಅದು ಅಂಕಿಗಳನ್ನು ಹೇಳುತ್ತಿತ್ತು, ಮೇಷ್ಟ್ರು ಬಾಯಿಪಾಠ ಮಾಡಿಕೊಳ್ಳುತ್ತಿದ್ದರು. ಅಂಕಿ ಏರಿದರೆ ಕಾಯಿಲೆಯೂ ಏರಿದಂತೆ.

ಒಂದು ದಿನ ವೆಬ್‌ಸೈಟು ಹೊಸ ರೂಪ ತಾಳಿತು. ಅಂಕಿಗಳಿದ್ದ ಜಾಗದಲ್ಲಿ ಗ್ರಾಫ್ ಬಂತು. ದನಿ "ಚಿತ್ರ" ಎಂದು ಹೇಳಿ ಸುಮ್ಮನಾಯಿತು. ಮೇಷ್ಟ್ರು ಆಸ್ಪತ್ರೆಗೆ ಫೋನು ಹಚ್ಚಿದರು.

"ಬಣ್ಣ ಎಲ್ಲ ಹಾಕಿ ಚೆನ್ನಾಗಿ ಮಾಡಿದೀವಲ್ಲ ಸಾರ್," ಎಂದ ಅಲ್ಲಿದ್ದವನು.

"ನಂಗೆ ಕಣ್ಣು ಕಾಣಲ್ಲಪ್ಪ."

"ಹಾಗಾದ್ರೆ ಮನೇಲಿ ಯಾರಿಗಾದ್ರೂ ಓದೋಕೆ ಹೇಳಿ ಸಾರ್."

ಮನೆಯಲ್ಲಿ ಇನ್ನಾರಿದ್ದಾರೆ? ಹೆಂಡತಿಯೇ ಹೊಲಿಗೆ ಯಂತ್ರ ನಿಲ್ಲಿಸಿ ಓದಿದಳು. "ಎರಡೂವರೆ ಕಣ್ರೀ. ಹೋದ ತಿಂಗಳಷ್ಟೇ." ಮುಂದಿನ ತಿಂಗಳೂ ಅಷ್ಟೇ. "ನೋಡಿದ್ಯಾ, ಉಪ್ಪು ಕಮ್ಮಿ ಮಾಡಿಸಿದ್ದು ನಾನು!" ಎಂದು ಮೇಷ್ಟ್ರು ಬೀಗಿದರು. ಐದು ತಿಂಗಳು ಹೀಗೇ ಕಳೆಯಿತು. ಎಲ್ಲ ಸರಿಯಿದೆಯೆಂದ ಮೇಲೆ ಡಾಕ್ಟರ ಬಳಿ ಹೋಗುವುದೇಕೆಂದಳು, ಅದೂ ನಿಂತಿತು.

ಆರನೆಯ ತಿಂಗಳು ಅವಳು ಬಾಗಿಲ ಬಳಿ ಕುಸಿದಳು. ಆಸ್ಪತ್ರೆಯಲ್ಲಿ ಡಾಕ್ಟರು ರೇಗಿದರು. "ಏರ್ತಾನೇ ಇದೆಯಲ್ಲ ಮೇಷ್ಟ್ರೇ! ಗ್ರಾಫ್ ನೋಡಿ ಯಾರೂ ಹೇಳ್ಲಿಲ್ವಾ ನಿಮಗೆ?"

ಮೇಷ್ಟ್ರು ಹೆಂಡತಿ ಮಲಗಿದ್ದ ಮಂಚದ ಅಂಚನ್ನು ತಡವಿ ಕೂತರು.

"ಯಾಕೇ ಹೀಗ್ ಮಾಡ್ದೆ?"

"ಅಕ್ಕ ಮೂರು ವರ್ಷ ಆ ಡಯಾಲಿಸಿಸ್ ಮಷೀನಿಗೆ ಕೈ ಕೊಟ್ಟು ಮಲಗಿದ್ದು ನೋಡಿದೀನಿ. ನಂಗೆ ಅದು ಬೇಡ ಅನ್ನಿಸ್ತು. ನಿಮಗೆ ಗೊತ್ತಾದ್ರೆ ಎತ್ತಾಕ್ಕೊಂಡಾದ್ರೂ ಬರ್ತಿದ್ರಿ."

"ಬರ್ತಿದ್ದೆ. ಬರ್ದೇ ಇರ್ತಿದ್ನಾ?" ಎಂದರು ಮೇಷ್ಟ್ರು. ಸಿಟ್ಟು ಬಂದರೂ ಅವಳ ಊದಿದ ಕೈಯನ್ನು ಬಿಡಲಿಲ್ಲ. ಅಳು ಬಂದಾಗಲೂ ಬಿಡಲಿಲ್ಲ.

ಕೊನೆಗೆ ಅವಳು ಮಷೀನಿಗೆ ಒಪ್ಪಿದಳು. ಆದರೆ ಅಷ್ಟರಲ್ಲಿ ಹೃದಯ ಸೋತಿತ್ತು. ಹನ್ನೊಂದನೆಯ ದಿನ ಹೋಗಿಬಿಟ್ಟಳು.

ಮೇಷ್ಟ್ರು ಆಸ್ಪತ್ರೆಗೆ ಕಾಗದ ಬರೆದರು, ಒಂದಲ್ಲ, ಏಳು. ಹೆಂಡತಿಯ ಸಾವಿನ ಸುದ್ದಿ ಒಂದರಲ್ಲೂ ಇರಲಿಲ್ಲ. ಗ್ರಾಫಿನ ಕೆಳಗೆ ಅಂಕಿಗಳ ಪಟ್ಟಿ ಕೊಡಿ, ಕಣ್ಣಿಲ್ಲದವರ ಫೋನು ಅದನ್ನು ಓದಬಲ್ಲದು ಎಂದಿಷ್ಟೇ. ಎಂಟು ತಿಂಗಳ ಮೇಲೆ ವೆಬ್‌ಸೈಟು ನೋಡಿಕೊಳ್ಳುವ ಹುಡುಗಿಯೊಬ್ಬಳು ಫೋನು ಮಾಡಿದಳು.

"ಸಾರ್, ಪಟ್ಟಿ ಹಾಕಿದೀನಿ. ನಿಮ್ಮ ಖಾತೆಯಲ್ಲೇ ಒಂದ್ಸಲ ಓದಿಸಿ ನೋಡ್ತೀರಾ?"

ಖಾತೆ ಹೆಂಡತಿಯದು. ಮೇಷ್ಟ್ರು ತೆರೆದರು. ಎರಡು ಬಿಂದು ಒಂಬತ್ತು, ಎಂದಿತು ದನಿ. ಮೂರು ಬಿಂದು ಆರು. ನಾಲ್ಕು ಬಿಂದು ಎಂಟು. ಒಂದೊಂದು ತಿಂಗಳ ಹೆಸರೂ ಕೇಳಿದಾಗ ಆ ತಿಂಗಳು ತಾವು ಬೀಗಿದ್ದು ನೆನಪಾಯಿತು. ನಡುವೆ ನಿಲ್ಲಿಸದೆ ಕೊನೆಯವರೆಗೂ ಕೇಳಿದರು.

"ಸರಿಯಾಗಿ ಓದ್ತಿದೆಯಾ ಸಾರ್?"

"ಓದ್ತಿದೆಯಮ್ಮ," ಎಂದರು ಮೇಷ್ಟ್ರು. ಪಟ್ಟಿಯನ್ನು ಇನ್ನೊಮ್ಮೆ ಓದಿಸಿ, "ದಿನಾಂಕದ ಅಂಕಿ ಯಾವುದು, ಫಲಿತಾಂಶದ ಅಂಕಿ ಯಾವುದು ಅಂತ ಪ್ರತಿ ಸಾಲಿನಲ್ಲೂ ಹೇಳ್ತಿಲ್ಲ. ಹೊಸಬರಿಗೆ ಗೊಂದಲ ಆಗುತ್ತೆ. ಅದೊಂದು ಸರಿಮಾಡು ತಾಯಿ," ಎಂದರು.